ಕೈ ಎಲ್ಲಿಡಬೇಕು, ಯಾವಾಗ ತೆಗೀಬೇಕು

ಬೆನ್ನುಮೂಳೆ ಕೆಳಗೆ ಮುಗಿಯೋ ಹತ್ರ, ಸೊಂಟದ ಎರಡೂ ಮೂಳೆಗಳ ಮಧ್ಯೆ, ಒಂದು ಅಂಗೈ ಹಿಡಿಸೋ ಅಷ್ಟು ಚಪ್ಪಟೆ ಜಾಗ ಇದೆ. ಅಕ್ಕನ ಹೆರಿಗೆ ದಿನದವರೆಗೂ ಅಲ್ಲೊಂದು ಜಾಗ ಇದೆ ಅಂತ ನಾನು ಯೋಚನೆ ಮಾಡಿದವಳೇ ಅಲ್ಲ. ನೋವು ಶುರುವಾಗಿ ಒಂಬತ್ತು ಗಂಟೆ ಆಗಿತ್ತು, ಎಲ್ಲಾ ನೋವೂ ಬೆನ್ನಲ್ಲೇ ಬರ್ತಿತ್ತು, ನಾನು ಪಕ್ಕದಲ್ಲೇ ಇದ್ದೆ ಆದ್ರೆ ಇದ್ದೂ ಇಲ್ಲದ ಹಾಗೆ. ತಲೆ ಸವರ್ತಿದ್ದೆ, ಎರಡು ನಿಮಿಷಕ್ಕೊಂದ್ಸಲ ನೀರು ಬೇಕಾ ಅಂತ ಕೇಳ್ತಿದ್ದೆ, ಇನ್ನೇನು ಆಗೋಯ್ತು ಅಂತ ಸುಳ್ಳು ಸುಳ್ಳೇ ಸಮಾಧಾನ ಮಾಡ್ತಿದ್ದೆ. ಅಕ್ಕ ಒಂದ್ಸಲ ಕಣ್ಣು ಬಿಟ್ಟು ನನ್ನ ಮುಖ ನೋಡಿದ್ಲು, ಆ ನೋಟದಲ್ಲಿ ಬೈಗುಳ ಇರ್ಲಿಲ್ಲ, ನೀನೂ ಹೆದರಿದ್ದೀಯಲ್ಲ ಅನ್ನೋ ಒಂದು ಸುಸ್ತಿತ್ತು, ಅದು ಇವತ್ತಿಗೂ ಮರೆತಿಲ್ಲ.

ಆಮೇಲೆ ಡ್ಯೂಟಿ ಬದಲಾಯ್ತು. ಸ್ವಲ್ಪ ವಯಸ್ಸಾದ ಒಬ್ರು ನರ್ಸ್ ಬಂದ್ರು, ಏನೂ ಮಾತಾಡ್ಲಿಲ್ಲ, ಮುಂದಿನ ನೋವು ಬರೋವರೆಗೂ ಸುಮ್ನೆ ನಿಂತಿದ್ರು. ನೋವು ಬಂದ ತಕ್ಷಣ ಅಂಗೈಯ ಬುಡಾನ ಆ ಚಪ್ಪಟೆ ಜಾಗದ ಮೇಲಿಟ್ಟು ಒತ್ತಿದ್ರು. ಅಕ್ಕನ ದನಿಯೇ ಬದಲಾಯ್ತು. ಅಲ್ಲಿವರೆಗೂ ಗಂಟಲಲ್ಲಿ ಕಿರುಚ್ತಿದ್ದವಳು ಹೊಟ್ಟೆಯ ಆಳದಿಂದ ಒಂದು ಉದ್ದ ಉಸಿರು ಬಿಟ್ಟು, "ಅಲ್ಲೇ, ಅಲ್ಲೇ, ಕೈ ತೆಗೀಬೇಡಿ" ಅಂದ್ಲು. ಅವರು ನನ್ನ ಕೈ ಹಿಡ್ದು ಅದೇ ಜಾಗಕ್ಕೆ ಇಟ್ಟು, "ಇಲ್ಲಿ. ತೋಳಿನ ಶಕ್ತಿ ಬೇಡ, ನಿಮ್ಮ ಮೈ ಭಾರ ಬಿಡಿ" ಅಂದು ಬೇರೆ ಬೆಡ್ ನೋಡೋಕೆ ಹೋದ್ರು. ಮುಂದಿನ ಮೂರು ಗಂಟೆ ನಾನು ಅಲ್ಲಿಂದ ಕೈ ತೆಗೀಲಿಲ್ಲ.

ಹೆರಿಗೆ ನೋವಲ್ಲಿ ಜೊತೆಗಿರೋ ಈ ಕೆಲಸಕ್ಕೆ ಡೌಲಾ ಅಂತ ಒಂದು ಹೆಸರಿದೆ, ಅದಕ್ಕೆ ಟ್ರೈನಿಂಗ್ ಇದೆ ಅಂತ ಗೊತ್ತಾಗಿದ್ದು ಅಕ್ಕನ ಮಗು ಅಂಬೆಗಾಲಿಡೋ ಹೊತ್ತಿಗೆ. ಆವತ್ತಿಂದ ಟ್ರೈನಿಂಗ್ ಆರಿಸ್ಕೊಳ್ಳೋಕೆ ನಂಗೆ ಸುಮಾರು ಒಂದು ವರ್ಷ ಹಿಡೀತು, ಮಧ್ಯದಲ್ಲಿ ಒಂದು ತಪ್ಪು ಕೋರ್ಸೂ ಮಾಡಿ ಬಂದೆ. ಈಗ ಯಾರಾದ್ರೂ ಯಾವ ಕೋರ್ಸ್ ಒಳ್ಳೇದು ಅಂತ ಕೇಳಿದಾಗ ಒಂದೇ ಸಾಲಲ್ಲಿ ಉತ್ತರ ಕೊಡೋಕೆ ಬರೋದಿಲ್ಲ, ಹಾಗಾಗಿ ಇಲ್ಲಿ ಸಾವಕಾಶವಾಗಿ ಬರೀತಿದೀನಿ.

ಮೊದಲು ಒಂದು ವಿಷಯ. ಡೌಲಾ ಅಂದ್ರೆ ಸೂಲಗಿತ್ತಿ ಅಲ್ಲ, ನರ್ಸೂ ಅಲ್ಲ. ಹೆರಿಗೆ ಮಾಡಿಸೋದು ಡಾಕ್ಟ್ರು ಅಥವಾ ಮಿಡ್‌ವೈಫ್ ಕೆಲಸ. ಡೌಲಾ ಒಳಪರೀಕ್ಷೆ ಮಾಡೋ ಹಾಗಿಲ್ಲ, ಬಿಪಿ ನೋಡೋ ಹಾಗಿಲ್ಲ, ಮಗುವಿನ ಎದೆಬಡಿತ ಕೇಳಿ ಹೀಗಿದೆ ಹಾಗಿದೆ ಅನ್ನೋ ಹಾಗಿಲ್ಲ, ಔಷಧಿ ವಿಷಯಕ್ಕಂತೂ ಕೈ ಹಾಕೋ ಹಾಗೇ ಇಲ್ಲ. ನೋವು ತಿನ್ನೋ ಹೆಂಗಸಿನ ಜೊತೆ ಬಿಡದೆ ಇರೋದು, ಮೈಗೆ ಆರಾಮ ಆಗೋ ಹಾಗೆ ನೋಡ್ಕೊಳ್ಳೋದು, ಅರ್ಥ ಆಗದ್ದನ್ನ ಕೇಳಿ ತಿಳ್ಕೊಳ್ಳೋಕೆ ಧೈರ್ಯ ಕೊಡೋದು, ಇಷ್ಟೇ ಕೆಲಸ. ಪದ ಗ್ರೀಕ್ ಮೂಲದ್ದು, ಸೇವಕಿ ಅಂತ ಅರ್ಥ. ಈ ಅರ್ಥದಲ್ಲಿ ಅದನ್ನ ಬಳಕೆಗೆ ತಂದವರು ಡೇನಾ ರಾಫೆಲ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ, 1970ರ ದಶಕದಲ್ಲಿ, ಅದೂ ಹೆರಿಗೆ ಕೋಣೆಯ ಬಗ್ಗೆ ಅಲ್ಲ, ಹೆರಿಗೆ ಆದ್ಮೇಲೆ ಮೊಲೆ ಹಾಲು ಕೊಡೋಕೆ ಕಷ್ಟಪಡೋ ತಾಯಿಯ ಜೊತೆ ನಿಲ್ಲೋ ಹೆಂಗಸಿನ ಬಗ್ಗೆ. ಅಂದ್ರೆ ಬಾಣಂತಿಯನ್ನ ನೋಡ್ಕೊಳ್ಳೋಳಿಗೇ ಮೊದಲು ಬಂದ ಹೆಸರಿದು. ಹೆರಿಗೆ ಕೋಣೆಗೆ ಹೋಗಿದ್ದು ಆಮೇಲೆ.

ಹುಡುಕೋಕೆ ಶುರು ಮಾಡಿದಾಗ ನಂಗೆ ಮೊದಲು ಗಲಿಬಿಲಿ ಆಗಿದ್ದು ಸರ್ಟಿಫಿಕೇಟ್ ವಿಷಯದಲ್ಲಿ. ಎಲ್ಲರೂ ಸರ್ಟಿಫೈಡ್, ಸರ್ಟಿಫೈಡ್ ಅಂತಾರೆ, ಅದು ನರ್ಸಿಂಗ್ ಲೈಸೆನ್ಸ್ ಥರದ್ದು ಅಂದ್ಕೊಂಡಿದ್ದೆ. ಹಾಗಲ್ಲ. ಹೆಚ್ಚಿನ ದೇಶಗಳಲ್ಲಿ ಡೌಲಾ ಅಂತ ಹೇಳ್ಕೊಳ್ಳೋಕೆ ಕಾನೂನಿನ ಪ್ರಕಾರ ಯಾವ ಪರವಾನಗಿಯೂ ಬೇಕಿಲ್ಲ. ಸರ್ಟಿಫಿಕೇಟ್ ಕೊಡೋದು ಸರ್ಕಾರ ಅಲ್ಲ, ಆಯಾ ಸಂಸ್ಥೆ, ಆ ಸಂಸ್ಥೆ ತಾನೇ ಮಾಡ್ಕೊಂಡ ನಿಯಮದ ಮೇಲೆ. ಡೌಲಾಗಳಿಗೆ ಟ್ರೈನಿಂಗ್ ಕೊಡೋ ಅಮೆರಿಕದ ಸಂಸ್ಥೆಗಳಲ್ಲಿ ಡೋನಾ ಇಂಟರ್‌ನ್ಯಾಷನಲ್ 1992ರಲ್ಲಿ ಶುರುವಾಯ್ತು, ಕಾಪಾ 1998ರಲ್ಲಿ, ಬ್ರಿಟನ್ನಿನ ಡೌಲಾ ಯುಕೆ 2001ರಲ್ಲಿ. ಡೌಲಾ ಯುಕೆ ತಾನು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಬಂದವರಿಗೆ ಅನುಭವ ಇರೋ ಒಬ್ಬ ಮೆಂಟರ್ ಜೊತೆ ಕೆಲಸ ಮಾಡೋ ವ್ಯವಸ್ಥೆ ಇಟ್ಟಿದೆ. ಇದರ ಮಹತ್ವ ನಂಗೆ ಆಗ ತಿಳೀಲಿಲ್ಲ, ಬಹಳ ದಿನ ಆದ್ಮೇಲೆ ತಿಳೀತು, ಕೊನೇಲಿ ಹೇಳ್ತೀನಿ. ಇನ್ನು ದೊಡ್ಡ ಸಂಸ್ಥೆಗಳಾಚೆ ಒಬ್ಬೊಬ್ಬ ಟ್ರೈನರ್ ನಡೆಸೋ ಕೋರ್ಸ್‌ಗಳು ಎಷ್ಟೋ ಇವೆ, ವಾರಾಂತ್ಯದ ಎರಡು ದಿನದಿಂದ ಹಿಡಿದು ಒಂದು ವರ್ಷದವರೆಗೆ.

ಲೈಸೆನ್ಸ್ ಇಲ್ಲ ಅಂದ್ರೆ ಟ್ರೈನಿಂಗೇ ಬೇಡ ಅಂತಲ್ಲ. ನನ್ನ ಪ್ರಕಾರ ಉಲ್ಟಾ. ಹೊರಗಿಂದ ತಪಾಸಣೆ ಮಾಡೋರು ಯಾರೂ ಇಲ್ಲದ ಕೆಲಸಕ್ಕೆ, ಒಳಗಿಂದ ಗಟ್ಟಿಯಾಗಿ ಕಲಿಸೋರು ಬೇಕೇ ಬೇಕು.

ಆದ್ರೆ ಏನು ಕಲಿಸ್ಬೇಕು? ಇಲ್ಲೇ ನಾನು ತುಂಬಾ ದಿನ ಸಿಕ್ಕಾಕ್ಕೊಂಡಿದ್ದು, ಯಾಕಂದ್ರೆ ಡೌಲಾ ಬಗ್ಗೆ ನಡೆದ ಮೊದಲ ಸಂಶೋಧನೆ ಓದಿದ್ರೆ ಟ್ರೈನಿಂಗ್ ಅಗತ್ಯವೇ ಇಲ್ವೇನೋ ಅನ್ಸತ್ತೆ. ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಅಂತ ಇಬ್ಬರು ಮಕ್ಕಳ ಡಾಕ್ಟ್ರು, ತಮ್ಮ ಜೊತೆಗಾರರ ಜೊತೆ ಗ್ವಾಟೆಮಾಲಾದಲ್ಲಿ ಮಾಡಿದ ಅಧ್ಯಯನ 1980ರಲ್ಲಿ ಪ್ರಕಟ ಆಯ್ತು. ಚೊಚ್ಚಲ ಹೆರಿಗೆಗೆ ಬಂದ ಹೆಂಗಸರು, ಅವರ ಜೊತೆ ಒಬ್ಬ ಹೆಂಗಸು. ವೈದ್ಯಕೀಯ ಓದಿದವಳಲ್ಲ, ನೆಂಟಳಲ್ಲ, ಮೊದಲೇ ಪರಿಚಯ ಇದ್ದವಳೂ ಅಲ್ಲ. ಬೆನ್ನು ಸವರೋದು, ಕೈ ಹಿಡಿಯೋದು, ಮಾತಾಡೋದು, ಬಿಟ್ಟು ಹೋಗದೇ ಇರೋದು, ಅಷ್ಟೇ ಅವಳ ಕೆಲಸ. ತೊಂದರೆ ಇಲ್ಲದೆ ಹೆತ್ತವರನ್ನ ಹೋಲಿಸಿ ನೋಡಿದ್ರೆ, ಆಸ್ಪತ್ರೆಗೆ ಸೇರಿದಾಗಿಂದ ಹೆರಿಗೆ ಆಗೋವರೆಗಿನ ಹೊತ್ತು ಒಬ್ಬರೇ ಇದ್ದವರಿಗೆ ಸರಾಸರಿ 19 ಗಂಟೆ, ಜೊತೆಗೆ ಹೆಂಗಸು ಇದ್ದವರಿಗೆ ಸುಮಾರು 9 ಗಂಟೆ. ಹುಟ್ಟಿದ ಮಗುವನ್ನ ಸವರೋದು, ಅದರ ಜೊತೆ ಮಾತಾಡೋದು, ನಗೋದು ಕೂಡ ಇವರಲ್ಲೇ ಜಾಸ್ತಿ ಕಂಡಿತ್ತು. ಒಂದೊಂದು ಗುಂಪಲ್ಲಿ 20 ಜನ ಮಾತ್ರ ಇದ್ದ ಸಣ್ಣ ಅಧ್ಯಯನ, ಅಷ್ಟರ ಮೇಲೇ ಎಲ್ಲಾ ಹೇಳೋಕಾಗಲ್ಲ, ಒಪ್ತೀನಿ.

1991ರಲ್ಲಿ ಇದೇ ಕೆನೆಲ್ ತಂಡ ಹ್ಯೂಸ್ಟನ್ನಿನಲ್ಲಿ ಇನ್ನೂ ದೊಡ್ಡದಾಗಿ ಮಾಡ್ತು, ಅದರಲ್ಲಿ ಒಂದು ವಿಚಿತ್ರ ಗುಂಪಿತ್ತು. ಒಬ್ಬ ಹೆಂಗಸು ಕೋಣೆಯ ಮೂಲೆಯಲ್ಲಿ ಕೂತು ಸುಮ್ನೆ ಬರ್ಕೊಳ್ತಾಳೆ, ಮುಟ್ಟೋದಿಲ್ಲ, ಮಾತಾಡೋದಿಲ್ಲ. ಡೌಲಾ ಇದ್ದವರಲ್ಲಿ ಸಿಸೇರಿಯನ್ ಶೇ. 8, ಯಾರೂ ಇಲ್ಲದವರಲ್ಲಿ ಶೇ. 18, ಈ ಸುಮ್ನೆ ಕೂತ ಹೆಂಗಸು ಇದ್ದ ಗುಂಪಲ್ಲಿ ಶೇ. 13. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಮೂಲೆಯಲ್ಲಿ ಕೂತು ಪೆನ್ನು ಹಿಡ್ದವಳು ಇದ್ದಾಳೆ ಅನ್ನೋದೇ ಒಂದು ಬಲ ಕೊಟ್ಟಿದ್ರೆ, ಅಕ್ಕನ ಪಕ್ಕ ಒಂಬತ್ತು ಗಂಟೆ ನಿಂತಿದ್ದ ನನ್ನಿಂದ ಯಾಕೆ ಏನೂ ಆಗ್ಲಿಲ್ಲ?

ಬಹಳ ಯೋಚನೆ ಮಾಡಿದ್ಮೇಲೆ ನಂಗೆ ಹೊಳೆದಿದ್ದು ಇಷ್ಟು. ಆ ಹೆಂಗಸು ಹೆದರಿರ್ಲಿಲ್ಲ. ನಾನು ಹೆದರಿದ್ದೆ, ನನ್ನ ಹೆದರಿಕೆ ಕಳ್ಕೊಳ್ಳೋಕೆ ಅಕ್ಕನಿಗೆ ನೀರು ಕೊಡ್ತಿದ್ದೆ, ನನ್ನ ಸಮಾಧಾನಕ್ಕೆ ಅವಳನ್ನ ಮಾತಾಡಿಸ್ತಿದ್ದೆ. ಜೊತೆಗಿರೋದು ಎಲ್ಲರಿಗೂ ಬರುತ್ತೆ, ಆದ್ರೆ ನಮ್ಮ ಭಯ, ನಮ್ಮ ಅಭಿಪ್ರಾಯ, ಏನಾದ್ರೂ ಮಾಡ್ಲೇಬೇಕು ಅನ್ನೋ ನಮ್ಮ ಚಡಪಡಿಕೆ, ಇವನ್ನೆಲ್ಲ ಆ ಕೋಣೆ ಒಳಗೆ ಹೊತ್ಕೊಂಡು ಹೋಗದೇ ಇರೋದು ತಾನಾಗಿ ಬರೋದಿಲ್ಲ. ಅದನ್ನ ಕಲಿಸೋ ಟ್ರೈನಿಂಗ್ ಬೇಕು. ಇದು ಗೊತ್ತಾದ್ಮೇಲೆ ನನ್ನ ಹುಡುಕಾಟದ ದಿಕ್ಕೇ ಬದಲಾಯ್ತು, ಸಿಲಬಸ್ ನೋಡೋದು ಬಿಟ್ಟು ಕಲಿಸೋರನ್ನ ನೋಡೋಕೆ ಶುರು ಮಾಡಿದೆ.

ಅದಕ್ಕೂ ಮುಂಚೆ ಆ ತಪ್ಪು ಕೋರ್ಸಿನ ಕಥೆ ಹೇಳ್ಬೇಕು, ಹೆಸರು ಹೇಳಲ್ಲ. ಎರಡು ದಿನದ ಆನ್‌ಲೈನ್ ಕೋರ್ಸ್. ಮೊದಲ ದಿನ ಪೂರ್ತಿ ರೆಕಾರ್ಡ್ ಆಗಿರೋ ವಿಡಿಯೋಗಳು. ಎರಡನೇ ದಿನ ಲೈವ್, ಪರದೆ ಮೇಲೆ ಸುಮಾರು ಎಂಬತ್ತು ಸಣ್ಣ ಚೌಕಗಳು, ಅರ್ಧ ಜನರ ಕ್ಯಾಮೆರಾ ಆಫ್. ಸೊಂಟ ಒತ್ತೋದನ್ನ ಒಂದು ದಿಂಬಿನ ಮೇಲೆ ಮಾಡಿ ತೋರ್ಸಿ ಅಂದ್ರು. ದಿಂಬು ಏನು ಹೇಳುತ್ತೆ, ಜಾಸ್ತಿ ಆಯ್ತು ಅಂತ ಹೇಳೋದಿಲ್ಲ, ಇನ್ನೂ ಸ್ವಲ್ಪ ಕೆಳಗೆ ಅಂತಾನೂ ಹೇಳೋದಿಲ್ಲ. ಅದನ್ನಾದ್ರೂ ಸಹಿಸ್ಕೋಬಹುದಿತ್ತು. ನನ್ನ ಎದೆ ಧಸಕ್ ಅಂದಿದ್ದು ಮಧ್ಯಾಹ್ನದ ಸೆಷನ್ನಲ್ಲಿ. ಟ್ರೈನರ್ ಹೇಳಿದ್ರು, ಆಸ್ಪತ್ರೆಯವರಿಂದ ತಾಯಿಯನ್ನ ಕಾಪಾಡೋದೇ ನಿಮ್ಮ ಕೆಲಸ, ಡಾಕ್ಟ್ರು ಏನಾದ್ರೂ ಮಾಡ್ತೀನಿ ಅಂದ್ರೆ ನೀವು ಮುಂದೆ ನಿಂತು ತಡೀಬೇಕು ಅಂತ. ಒಬ್ಬ ಹುಡುಗಿ ಕೈ ಎತ್ತಿ ಕೇಳಿದ್ಲು, ಮಗುವಿನ ಎದೆಬಡಿತ ನಿಜವಾಗ್ಲೂ ಇಳೀತಿದ್ರೆ? ಅಂತ. ಅದಕ್ಕೆ ಬಂದ ಉತ್ತರ, ನೂರಕ್ಕೆ ತೊಂಬತ್ತು ಸಲ ಅದು ಹೆದರಿಸೋಕೆ ಹೇಳೋ ಮಾತು ಅಂತ. ಎಲ್ಲಿಂದ ಬಂತು ಆ ತೊಂಬತ್ತು? ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಅದಕ್ಕೆ ಈಗ್ಲೂ ಬೇಜಾರಿದೆ. ಸಾಯಂಕಾಲ ಆರೂವರೆಗೆ ಸರ್ಟಿಫಿಕೇಟ್ ಮೇಲ್ ಬಂತು, ನನ್ನ ಹೆಸರು ಚಿನ್ನದ ಬಣ್ಣದ ಅಕ್ಷರದಲ್ಲಿ. ನಾನು ಒಬ್ಬ ಮನುಷ್ಯಳ ಬೆನ್ನನ್ನೂ ಮುಟ್ಟದೆ ಸರ್ಟಿಫೈಡ್ ಆಗಿಬಿಟ್ಟಿದ್ದೆ.

ಆ ಸರ್ಟಿಫಿಕೇಟ್ ನಾನು ಯಾವತ್ತೂ ಯಾರಿಗೂ ತೋರಿಸಿಲ್ಲ.

ಆನ್‌ಲೈನ್ ಅಂದ್ರೇನೇ ಕೆಟ್ಟದ್ದು ಅಂತ ಹೇಳ್ತಿಲ್ಲ. ಓದೋ ಭಾಗ, ಹಾರ್ಮೋನುಗಳ ಕೆಲಸ, ಲೇಬರಿನ ಅಂದ್ರೆ ಹೆರಿಗೆ ನೋವಿನ ಹಂತಗಳು, ನೋವು ತಿಳಿಯದ ಹಾಗೆ ಬೆನ್ನಿಗೆ ಕೊಡೋ ಎಪಿಡ್ಯೂರಲ್ ಅಂದ್ರೆ ಏನು, ಔಷಧಿ ಕೊಟ್ಟು ನೋವು ಬರಿಸೋ ಇಂಡಕ್ಷನ್ ಯಾಕೆ ಮಾಡ್ತಾರೆ, ಇವನ್ನ ಮನೇಲಿ ಕೂತು ನಿಧಾನಕ್ಕೆ ಓದಿದ್ರೆ ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತೆ. ಸಣ್ಣ ಮಕ್ಕಳಿರೋರಿಗೆ, ದೂರ ಇರೋರಿಗೆ ಅದೇ ದಾರಿ. ಚೈಲ್ಡ್‌ಬರ್ತ್ ಇಂಟರ್‌ನ್ಯಾಷನಲ್ ಥರದ ಸಂಸ್ಥೆಗಳು ದೂರಶಿಕ್ಷಣದಲ್ಲೇ ಕಲಿಸ್ತಾ ಬಂದಿವೆ, ಬರೆದು ಕಳಿಸಿದ್ದನ್ನ ಓದಿ ತಿದ್ದಿ ವಾಪಸ್ ಕೊಡೋರಿದ್ರೆ ಅದು ಗಟ್ಟಿ ಕಲಿಕೆಯೇ. ಬಾಣಂತನದ ಡೌಲಾ ಆಗೋರಿಗಂತೂ ಮಾತು ಕೇಳಿಸ್ಕೊಳ್ಳೋದು, ಹಾಲುಣಿಸೋದರ ಬಗ್ಗೆ ತಿಳ್ಕೊಂಡಿರೋದು, ತಾಯಿಯ ಮನಸ್ಸು ಕುಸೀತಿದೆ ಅನ್ನೋದನ್ನ ಗುರುತಿಸಿ ಡಾಕ್ಟ್ರ ಹತ್ರ ಕಳಿಸೋದು ಇವೇ ಮುಖ್ಯ. ಆದ್ರೆ ಹೆರಿಗೆ ಡೌಲಾಗೆ ಕೈ ಬೇಕು, ಕೈಯನ್ನ ಕೈಯೇ ತಿದ್ದಬೇಕು.

ಆಮೇಲೆ ನಾನು ಮಾಡಿದ್ದು ಏನಂದ್ರೆ, ಟ್ರೈನರ್‌ಗಳಿಗೆ ಫೋನ್ ಮಾಡಿ ಮಾತಾಡಿದೆ. ಐದು ಜನರ ಜೊತೆ ಮಾತಾಡಿದೆ ಅನ್ಸತ್ತೆ. ಎಲ್ಲರಿಗೂ ಒಂದು ಪ್ರಶ್ನೆ ಕೇಳ್ತಿದ್ದೆ: ಡೌಲಾ ಇದ್ರೆ ಸಿಸೇರಿಯನ್ ಆಗಲ್ವಾ ಮೇಡಂ? ಇದು ಪರೀಕ್ಷೆ ಅಂತ ಕೇಳಿದ್ದಲ್ಲ, ನಿಜವಾಗ್ಲೂ ತಿಳ್ಕೋಬೇಕಿತ್ತು, ಆದ್ರೆ ಉತ್ತರದಲ್ಲಿ ಮನುಷ್ಯರು ಗೊತ್ತಾಗ್ಬಿಡ್ತಾರೆ. ಇಬ್ಬರು ಹೌದು, ಖಂಡಿತ ಅಂದ್ರು. ಒಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ನಿದ್ದು, ಒಬ್ಬ ತಾಯಿಗೆ ಹಾಗಂತ ಮಾತು ಕೊಡೋಕೆ ನಮಗೆ ಹಕ್ಕಿಲ್ಲ ಅಂದ್ರು. ಆಮೇಲೆ ವಿವರಿಸಿದ್ರು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟು ಹಾಕಿ ನೋಡಿದೆ, ಬಿಡದೆ ಜೊತೆಗಿದ್ದು ನೋಡ್ಕೊಂಡವರಲ್ಲಿ ಸಿಸೇರಿಯನ್ ಆಗೋ ಸಂಭವ ಸುಮಾರು ಕಾಲು ಭಾಗ ಕಮ್ಮಿ, ಲೇಬರ್ ಸರಾಸರಿ 40 ನಿಮಿಷ ಚಿಕ್ಕದು, ಹೆರಿಗೆ ಅನುಭವದ ಬಗ್ಗೆ ಕಹಿ ಕಮ್ಮಿ. ಆದ್ರೆ ಈ ಪುರಾವೆ ಅಷ್ಟೇನೂ ಗಟ್ಟಿಯಾದದ್ದಲ್ಲ ಅಂತ ಅದೇ ಪರಿಶೀಲನೆ ಹೇಳುತ್ತೆ, ಜೊತೆಗಿದ್ದವರು ಅಂದ್ರೆ ಎಲ್ಲಾ ಅಧ್ಯಯನದಲ್ಲೂ ಡೌಲಾಗಳೇ ಅಲ್ಲ, ಕೆಲವು ಕಡೆ ಆಸ್ಪತ್ರೆ ಸಿಬ್ಬಂದಿ, ಕೆಲವು ಕಡೆ ಮನೆಯವರು. ಸಾವಿರಾರು ಜನರ ಲೆಕ್ಕದಲ್ಲಿ ಕಾಲು ಭಾಗ ಕಮ್ಮಿ ಅನ್ನೋದು ನಿನ್ನ ಮುಂದೆ ಮಲಗಿರೋ ಒಬ್ಬಳಿಗೆ ಏನಾಗುತ್ತೆ ಅಂತ ಹೇಳೋದಿಲ್ಲ ಅಂದ್ರು. ಅವತ್ತೇ ನಾನು ಮನಸ್ಸಲ್ಲಿ ನಿರ್ಧಾರ ಮಾಡಿಬಿಟ್ಟೆ, ಸೇರೋದು ಇವರ ಹತ್ರಾನೇ ಅಂತ, ಆದ್ರೂ ಇನ್ನೂ ಒಂದೆರಡು ತಿಂಗಳು ವಿಚಾರಿಸ್ತಾನೇ ಇದ್ದೆ.

ಇನ್ನೊಂದು ವಿಷಯ ಅವರಿಂದಲೇ ತಿಳಿದಿದ್ದು. ಕೋರ್ಸ್‌ಗಳಲ್ಲಿ ಒಂದೊಂದಕ್ಕೆ ಒಂದೊಂದು ನಂಬಿಕೆ ಇರುತ್ತೆ, ಸೇರೋಕೆ ಮುಂಚೆ ಅದನ್ನ ಕೇಳ್ಕೋಬೇಕು. ಡೋನಾ ಸ್ಥಾಪಕರಲ್ಲಿ ಒಬ್ಬರಾದ ಪೆನ್ನಿ ಸಿಮ್ಕಿನ್ ಮೂಲತಃ ಫಿಸಿಯೋಥೆರಪಿ ಓದಿದವರು, ಅವರ ದಾರಿಯಲ್ಲಿ ಕಲಿಸೋರ ಹತ್ರ ಕೈಗೆ ತುಂಬಾ ಕೆಲಸ. ಭಂಗಿ ಬದಲಾಯಿಸೋದು, ಸೊಂಟ ಒತ್ತೋದು, ಉಸಿರಿನ ಲಯ ಹಿಡಿಯೋದು. ಫ್ರಾನ್ಸಿನ ಪ್ರಸೂತಿ ತಜ್ಞ ಮಿಷೆಲ್ ಓಡೆನ್ ಅವರದ್ದು ಇನ್ನೊಂದು ದಾರಿ. ನೋವು ತಿನ್ನೋ ಹೆಂಗಸಿಗೆ ಬೇಕಿರೋದು ಮಂದ ಬೆಳಕು, ಬೆಚ್ಚಗಿನ ಕೋಣೆ, ಕಮ್ಮಿ ಮಾತು, ಯಾರೂ ತನ್ನನ್ನ ನೋಡ್ತಿಲ್ಲ ಅನ್ನೋ ಭಾವನೆ. ಹೆದರಿಕೆಯ ಹಾರ್ಮೋನು ಅಡ್ರಿನಲಿನ್ ಏರಿದ್ರೆ ಹೆರಿಗೆ ಮುಂದುವರಿಸೋ ಹಾರ್ಮೋನು ಆಕ್ಸಿಟೋಸಿನ್ ಹಿಂಜರಿಯುತ್ತೆ, ಹಾಗಾಗಿ ಪಕ್ಕದಲ್ಲಿರೋಳ ಅಡ್ರಿನಲಿನ್ ಕೂಡ ಇಳಿದಿರ್ಬೇಕು, ಅವಳು ಮೂಲೆಯಲ್ಲಿ ಹೆಣಿಗೆ ಹಾಕ್ತಾ ಕೂತ್ರೂ ಸಾಕು ಅನ್ನೋರು ಅವರು. ಮೊದಲು ನಂಗೆ ಇವೆರಡೂ ಒಂದಕ್ಕೊಂದು ವಿರುದ್ಧ ಅನ್ಸಿತ್ತು. ಈಗ ಹಾಗನ್ಸಲ್ಲ, ಒಂದೇ ರಾತ್ರಿಯಲ್ಲಿ ಒಬ್ಬಳೇ ಹೆಂಗಸಿಗೆ ಎರಡೂ ಬೇಕಾಗುತ್ತೆ. ಆದ್ರೆ ಒಂದನ್ನ ಮಾತ್ರ ಕಲಿಸಿ ಇನ್ನೊಂದನ್ನ ಹೀಯಾಳಿಸೋ ಕೋರ್ಸ್ ಆದ್ರೆ ಹುಷಾರು.

ಮಗು ಉಳೀದೇ ಹೋದ್ರೆ ಏನು ಮಾಡ್ಬೇಕು ಅಂತ ಕಲಿಸ್ತೀರಾ ಅಂತಾನೂ ಕೇಳಿ. ಇದನ್ನ ಕೇಳೋಕೆ ಬಾಯಿ ಬರೋದಿಲ್ಲ, ನಂಗೂ ಬರ್ಲಿಲ್ಲ, ಆದ್ರೂ ಕೇಳಿ. ಡೌಲಾ ಆಗ್ತೀನಿ ಅಂದ ಮೇಲೆ ಒಂದಲ್ಲಾ ಒಂದು ದಿನ ಆ ಕೋಣೆಯಲ್ಲೂ ನಿಲ್ಲಬೇಕಾಗುತ್ತೆ, ಆಗ ಆ ತಾಯಿ ಎದುರಿಗೆ ಮೊದಲ ಸಲ ತಡಬಡಾಯಿಸೋದು ಬೇಡ.

ಸಮಯ, ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸ್ತೀನಿ. ಡೋನಾದಂಥ ಸಂಸ್ಥೆಗಳಲ್ಲಿ ವರ್ಕ್‌ಶಾಪ್ ಅಂದ್ರೆ ಬರೀ ಶುರು, ಅದು ಕನಿಷ್ಠ 16 ಗಂಟೆ. ಆಮೇಲೆ 3 ಹೆರಿಗೆಗಳಲ್ಲಿ ಜೊತೆಗಿದ್ದು ಬಂದು ವರದಿ ಬರೀಬೇಕು, ಆ ತಾಯಂದಿರ ಅಭಿಪ್ರಾಯ ಬೇಕು, ಓದಬೇಕಾದ ಪಟ್ಟಿ ಇರುತ್ತೆ, ಹಾಲುಣಿಸೋದರ ಬಗ್ಗೆ ಬೇರೆ ಕ್ಲಾಸ್ ಇರುತ್ತೆ. ಸರ್ಟಿಫಿಕೇಟ್ ಬಂದ್ಮೇಲೂ ಕೆಲವು ವರ್ಷಕ್ಕೊಂದ್ಸಲ ನವೀಕರಿಸ್ಬೇಕು. ಆದ್ರಿಂದ ಫೀಸ್ ಎಷ್ಟು ಅಂತ ಕೇಳೋವಾಗ ಬರೀ ವರ್ಕ್‌ಶಾಪಿನದ್ದು ಕೇಳ್ಬೇಡಿ, ಮುಗಿಯೋವರೆಗೂ ಒಟ್ಟು ಎಷ್ಟು, ಆಮೇಲೆ ಎಷ್ಟು ಅಂತ ಕೇಳಿ. ಮೊದಲ ಮೂರು ಹೆರಿಗೆ ಹುಡುಕಿಕೊಡೋಕೆ ಸಹಾಯ ಮಾಡ್ತಾರಾ ಅಂತ ಕೇಳಿ, ತುಂಬಾ ಜನ ನಿಂತು ಹೋಗೋದು ಅಲ್ಲೇ. ಆನ್‌ಕಾಲ್ ಜೀವನ ಹೇಗಿರುತ್ತೆ ಅಂತ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ತಾಯಿಗೆ 38 ವಾರ ತುಂಬಿದ್ಮೇಲೆ 42ರವರೆಗೂ ಫೋನ್ ತಲೆದಿಂಬಿನ ಪಕ್ಕ ಇರ್ಬೇಕು, ಊರು ಬಿಟ್ಟು ಹೋಗೋ ಹಾಗಿಲ್ಲ, ನಿಮಗೇ ಜ್ವರ ಬಂದ್ರೆ ನಿಮ್ಮ ಬದಲು ಹೋಗೋಕೆ ಇನ್ನೊಬ್ಬ ಡೌಲಾ ಗೊತ್ತಿರ್ಬೇಕು. ಇದನ್ನ ನನ್ನ ಟ್ರೈನರ್ ಸೇರೋಕೆ ಮುಂಚೆಯೇ ಹೇಳಿದ್ರು, ಹೇಳಿ, ಒಂದು ವಾರ ಯೋಚನೆ ಮಾಡಿ ಆಮೇಲೆ ಫೀಸ್ ಕಟ್ಟು ಅಂದ್ರು.

ನಮ್ಮ ಬ್ಯಾಚಲ್ಲಿ ಹನ್ನೊಂದು ಜನ. ಡಬಲ್ ಹಿಪ್ ಸ್ಕ್ವೀಝ್, ಅಂದ್ರೆ ಎರಡೂ ಕಡೆಯಿಂದ ಸೊಂಟ ಒತ್ತೋದು, ಕಲಿಸಿದ ದಿನ ನಂಗೆ ಜೋಡಿಯಾಗಿ ಬಂದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ದೊಡ್ಡ ಚೆಂಡಿನ ಮೇಲೆ ಎದೆ ಒರಗಿಸಿ ಮಂಡಿಯೂರಿದ್ರು, ನಾನು ಹಿಂದೆ ನಿಂತು ಎರಡೂ ಅಂಗೈ ಅವರ ಸೊಂಟದ ಪಕ್ಕದ ಮಾಂಸದ ಮೇಲಿಟ್ಟು ಒತ್ತಿದೆ. "ನೋಯ್ತಿದೆ ಅಷ್ಟೇ, ಏನೂ ಆರಾಮಿಲ್ಲ" ಅಂದ್ರು. ಟ್ರೈನರ್ ಬಂದು ನನ್ನ ಕೈ ಮೇಲೆ ತಮ್ಮ ಕೈ ಇಟ್ರು, ಒಂದಿಂಚು ಕೆಳಗೆ ಜಾರಿಸಿ, ಅಂಗೈಯನ್ನ ಸ್ವಲ್ಪ ತಿರುಗಿಸಿ ಬೆರಳು ಒಳಮುಖವಾಗಿ ಬರೋ ಹಾಗೆ ಮಾಡಿ, ಮೊಣಕೈ ಅಗಲಿಸಿದ್ರು, ಆಮೇಲೆ ಒಳಗೂ ಮೇಲಕ್ಕೂ ಒಟ್ಟಿಗೆ ಒತ್ತಿದ್ರು. ಮೂಳೆ ಮೂಳೆಗೆ ಸಿಕ್ಕಿದ್ದು ನನ್ನ ಅಂಗೈಗೆ ಗೊತ್ತಾಯ್ತು. ಆ ಹೆಂಗಸು ಮಾತಾಡ್ಲಿಲ್ಲ, ತಲೆಯನ್ನ ಚೆಂಡಿನ ಮೇಲೆ ಇಟ್ಟುಬಿಟ್ರು, ಅವರ ಭುಜ ಇಳೀತು. ಒಂದು ನಿಮಿಷ ಆದ್ಮೇಲೆ ಟ್ರೈನರ್ ನನ್ನ ಕಿವಿ ಹತ್ರ ಹೇಳಿದ್ರು, ಈಗ ತೆಗಿ, ಆದ್ರೆ ಒಮ್ಮೆಲೇ ತೆಗೀಬೇಡ, ಬಂದ ಹಾಗೇ ನಿಧಾನಕ್ಕೆ ಹೋಗು. ಕೈ ಇಡೋದಕ್ಕಿಂತ ಕೈ ತೆಗೆಯೋದನ್ನ ನಾವು ಜಾಸ್ತಿ ಸಲ ಅಭ್ಯಾಸ ಮಾಡಿದ್ವಿ.

ಇನ್ನೊಂದು ದಿನ ಜೋಡಿ ಜೋಡಿಯಾಗಿ ಕೂರಿಸಿ ಇಪ್ಪತ್ತು ನಿಮಿಷ ಏನೂ ಮಾಡ್ಬೇಡಿ ಅಂದ್ರು. ಒಬ್ಬರು ಕಣ್ಣು ಮುಚ್ಚಿ ಮಲಗಿರೋದು, ಇನ್ನೊಬ್ಬರು ಪಕ್ಕದಲ್ಲಿ ಕೂತಿರೋದು, ಮಾತಿಲ್ಲ, ಮುಟ್ಟೋದಿಲ್ಲ, ಫೋನ್ ಇಲ್ಲ. ಐದನೇ ನಿಮಿಷಕ್ಕೆ ನನ್ನ ಕೈ ತಾನಾಗೇ ಅವರ ಹೊದಿಕೆ ಸರಿಮಾಡೋಕೆ ಹೋಯ್ತು. ಹೊದಿಕೆ ಸರಿಯಾಗೇ ಇತ್ತು. ಆವಾಗ ಅಕ್ಕನ ಹಾಸಿಗೆ ಪಕ್ಕದ ನಾನೇ ನಂಗೆ ಕಂಡೆ, ನೀರಿನ ಲೋಟ ಹಿಡ್ಕೊಂಡು. ಕೈ ವಾಪಸ್ ತಗೊಂಡು ತೊಡೆ ಮೇಲಿಟ್ಕೊಂಡೆ, ಕಣ್ಣಲ್ಲಿ ನೀರು ಬಂತು, ಯಾರೂ ಏನೂ ಕೇಳ್ಲಿಲ್ಲ.

ಮೆಂಟರ್ ಬಗ್ಗೆ ಕೊನೇಲಿ ಹೇಳ್ತೀನಿ ಅಂದಿದ್ದೆ. ನಮ್ಮ ಕೋರ್ಸಲ್ಲಿ ಮೊದಲ ನಾಲ್ಕು ಹೆರಿಗೆ ಆಗೋವರೆಗೂ ಟ್ರೈನರೇ ಮೆಂಟರ್, ಪ್ರತಿ ಹೆರಿಗೆ ಆದ್ಮೇಲೆ 24 ಗಂಟೆ ಒಳಗೆ ಫೋನ್ ಮಾಡ್ಲೇಬೇಕು. ಸೇರೋವಾಗ ಇದೊಂದು ನಿಯಮ ಅಂತ ಓದಿ ಮುಂದೆ ಹೋಗಿದ್ದೆ.

ನನ್ನ ಮೊದಲ ಹೆರಿಗೆ 22 ಗಂಟೆ ನಡೆದು ಸಿಸೇರಿಯನ್ನಲ್ಲಿ ಮುಗೀತು. ಇದನ್ನ ಬರೆಯೋಕೆ ಆ ತಾಯಿ ಒಪ್ಪಿಗೆ ಕೊಟ್ಟಿದ್ದಾರೆ, ಅವರ ಗುರುತು ಸಿಗೋ ಯಾವುದನ್ನೂ ಹಾಕಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿದ್ರು. ಆದ್ರೂ ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಾಗ ನನ್ನ ದನಿ ನಡುಗ್ತಿತ್ತು. ಏನಾಯ್ತು ಅಂತ ಟ್ರೈನರ್ ಕೇಳ್ಲಿಲ್ಲ. "ಮೊದಲಿಂದ ಹೇಳಮ್ಮ, ನೀನು ಬಾಗಿಲು ತೆಗೆದು ಒಳಗೆ ಹೋದಾಗ ಅವರು ಎಲ್ಲಿ ನಿಂತಿದ್ರು?" ಅಂದ್ರು. ಕಿಟಕಿ ಹತ್ರ, ಒಂದು ಕೈ ಗೋಡೆ ಮೇಲಿತ್ತು ಅಂದೆ. ಅಲ್ಲಿಂದ ಶುರುವಾಗಿ ಒಂದೂವರೆ ಗಂಟೆ ಹೇಳಿದೆ. ಹದಿನೆಂಟನೇ ಗಂಟೆ ಹೊತ್ತಿಗೆ ಬಂದು, ಆಮೇಲೆ ನಾವು ಸಿಸೇರಿಯನ್‌ಗೆ ಒಪ್ಕೊಂಡ್ವಿ ಮೇಡಂ ಅಂದೆ.

"ನಾವು ಅಂದ್ರೆ ಯಾರು?" ಅಂತ ಕೇಳಿದ್ರು.

ನಾನು ಸುಮ್ನಾದೆ. ಅವರೂ ಸುಮ್ನಿದ್ರು. ಫೋನಿನ ಆ ಕಡೆ ಗಡಿಯಾರದ ಸದ್ದು ಕೇಳ್ತಿತ್ತು. ಆ ತಾಯಿಯ ನಿರ್ಧಾರವನ್ನ ನಾನು ನನ್ನ ಸೋಲು ಮಾಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಡಾಕ್ಟ್ರು ವಿವರಿಸಿದ್ರು, ತಾಯಿ ಮೂರು ಪ್ರಶ್ನೆ ಕೇಳಿದ್ರು, ಗಂಡನ ಜೊತೆ ಐದು ನಿಮಿಷ ಇಬ್ಬರೇ ಮಾತಾಡಿದ್ರು, ಆಮೇಲೆ ಸರಿ ಅಂದ್ರು. ಅಷ್ಟರಲ್ಲಿ ನಾನೆಲ್ಲೂ ಇರ್ಲಿಲ್ಲ, ಇರಬೇಕಾಗೂ ಇರ್ಲಿಲ್ಲ. "ಈಗ ಮನೆಗೆ ಹೋಗಿ ಮಲಗು. ಅವರನ್ನ ನೋಡೋಕೆ ಹೋದಾಗ ನಿನ್ನ ಕಥೆ ಹೇಳ್ಬೇಡ, ಅವರದ್ದು ಕೇಳು" ಅಂದು ಫೋನ್ ಇಟ್ರು.

ಕೋರ್ಸ್ ನೋಡ್ತಿರೋರು ಅಲ್ಲಿ ಕಲಿತು ಮುಗಿಸಿದ ಇಬ್ಬರು ಮೂವರ ನಂಬರ್ ಕೇಳಿ ಇಸ್ಕೊಳ್ಳಿ, ನಿಮ್ಮ ಮೊದಲ ಹೆರಿಗೆ ಆದ್ಮೇಲೆ ಯಾರಿಗೆ ಫೋನ್ ಮಾಡಿದ್ರಿ ಅಂತ ಅವರನ್ನ ಕೇಳಿ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿ ಸೇರಬೇಡಿ.

ಎರಡು ವಾರ ಬಿಟ್ಟು ಆ ತಾಯಿಯ ಮನೆಗೆ ಹೋದೆ. ಹೋಗೋಕೆ ಮುಂಚೆ ಸಿಮ್ಕಿನ್ ಅವರದ್ದೇ 1991ರ ಒಂದು ಅಧ್ಯಯನದ ಬಗ್ಗೆ ಮತ್ತೆ ಓದಿದ್ದೆ. ಹೆರಿಗೆ ಆಗಿ 15ರಿಂದ 20 ವರ್ಷ ಕಳೆದ 20 ಹೆಂಗಸರನ್ನ ಅವರು ಮಾತಾಡಿಸಿದ್ರು, ಆವತ್ತು ಯಾರು ಏನು ಹೇಳಿದ್ರು, ಹೇಗೆ ನಡ್ಕೊಂಡ್ರು ಅನ್ನೋದು ಅವರಿಗೆಲ್ಲ ಸ್ಪಷ್ಟವಾಗಿ ನೆನಪಿತ್ತು. ನಾನು 22 ಗಂಟೆಯ ನೋಟ್ಸನ್ನ ನೀಟಾಗಿ ಮತ್ತೆ ಬರ್ಕೊಂಡು ಬ್ಯಾಗಲ್ಲಿ ಇಟ್ಕೊಂಡಿದ್ದೆ, ಎಷ್ಟು ಗಂಟೆಗೆ ಏನು ಮಾಡಿದೆ, ಯಾವ ಭಂಗಿ, ಎಷ್ಟು ಹೊತ್ತು, ಎಲ್ಲಾ ಇತ್ತು. ಅವರು ಮಗುವನ್ನ ಎದೆಗೆ ಹಾಕ್ಕೊಂಡು ಹೇಳೋಕೆ ಶುರು ಮಾಡಿದ್ರು. ನಾನು ಗಂಟೆಗಟ್ಟಲೆ ಒತ್ತಿದ ಸೊಂಟದ ವಿಷಯ ಬರ್ಲೇ ಇಲ್ಲ. ಡಾಕ್ಟ್ರು ಕುರ್ಚಿ ಎಳ್ಕೊಂಡು ತನ್ನ ಮುಖದ ಮಟ್ಟಕ್ಕೆ ಕೂತು ಮಾತಾಡಿದ್ದು ನೆನಪಿತ್ತು. ಸ್ಟ್ರೆಚರ್ ಮೇಲೆ ಕರ್ಕೊಂಡು ಹೋಗೋವಾಗ ಯಾರೋ ತನ್ನ ಪಾದ ಹಿಡ್ಕೊಂಡು ಬಾಗಿಲವರೆಗೂ ಬಂದ್ರು, ಬಾಗಿಲ ಹತ್ರ ನಿಧಾನಕ್ಕೆ ಕೈ ಬಿಟ್ರು, ಅದು ನೀವೇ ಅಲ್ವಾ ಅಂತ ಕೇಳಿದ್ರು.

ನಂಗೆ ಅದು ನೆನಪೇ ಇರ್ಲಿಲ್ಲ. ನೋಟ್ಸಲ್ಲೂ ಇರ್ಲಿಲ್ಲ. ಹೌದು ಅನ್ಸತ್ತೆ ಅಂದೆ. ಅವರು ಮಗುವನ್ನ ಇನ್ನೊಂದು ಪಕ್ಕಕ್ಕೆ ಹಾಕ್ಕೊಂಡು ಮುಂದಿನದ್ದು ಹೇಳೋಕೆ ಶುರು ಮಾಡಿದ್ರು, ನಾನು ಬ್ಯಾಗನ್ನ ಕಾಲ ಹತ್ರ ಇಟ್ಟು ಕೇಳ್ತಾ ಕೂತೆ.